ಬರ್ಫದಲ್ಲಿಟ್ಟ ಎಲುಬು

“ಬರ್ಫದಾಗ ಇಟ್ಟಿದ್ದು ಬಿಸಿ ಹೆಂಗಾತು?”

ಖಾಲಿ ಕೋಣೆಯಲ್ಲಿ ನಿಂತು ಡಾಕ್ಟರ್ ಭಾವುಸಾಹೇಬ ಕೇಳಿದರು. ಕೈಯಲ್ಲಿ ಥರ್ಮಾಸ್. ಒಳಗೆ ಮಂಜುಗಡ್ಡೆಯ ಬದಲು ಬೆಚ್ಚನೆಯ ನೀರು. ನೀರಿನಲ್ಲಿ ಪುಟ್ಟ ಸೀಸೆ. ಸೀಸೆಯಲ್ಲಿ ಅಕ್ಕಿನುಚ್ಚಿನಷ್ಟು ಎಲುಬು.

1993ರ ಚಾತುರ್ಮಾಸ. ನಿಪ್ಪಾಣಿಯ ಆ ಸಣ್ಣ ಆಸ್ಪತ್ರೆಗೆ ಬಂದ ಫೌಜದಾರ ಮಲಕಾರಿಯ ಕಣ್ಣು ಕೆಂಪಾಗಿದ್ದವು. ಕೊಗನೊಳ್ಳಿ ನಾಕಾದಲ್ಲಿ ರಾತ್ರಿಯಿಡೀ ಲಾರಿ ತಪಾಸಣೆ ಮುಗಿಸಿ ಸೀದಾ ಬಂದಿದ್ದ.

“ಇಷ್ಟ ಎಲುಬಿಗೂ ಪೊಲೀಸ್ ಬೇಕೇನ್ರಿ?”

“ಇಲ್ಲೇ ಮಲಗಿರೂ ಪೇಶಂಟ್ ಸುಗಂಧಾನ ಕಿವಿಯೊಳಗಿಂದ್ರಿ ಅದು. ಹೆರಿಗಿ ಆದಂಗ ಆದಂಗ ಕಿವುಡು ಹೆಚ್ಚಾತು. ಎಲುಬು ಬಿಗಿದಿತ್ತು, ಆಪರೇಷನ್ ಮಾಡಿ ತೆಗದೆ. ಸಣ್ಣಾಕಿದ್ದಾಗ ಬಂದ ದಡಾರದ ವೈರಸ್ ಇದಕ್ಕ ಕಾರಣ ಇರಬಹುದಂತ ಸಂಶಯ. ಇವತ್ತ ಪುಣೆ ಲ್ಯಾಬಿಗೆ ಹೋಗೂದಿತ್ತು. ಈಗ ಬೆಂದು ಹೋತು.”

“ಇದರಿಂದ ಯಾರಿಗೇನು?”

“ಆಕಿ ತಂಗಿ ರಾಜಮತಿಗೆ ಅಥಣಿ ವರ ಗೊತ್ತಾಗೈತಿ. ವರನ ಕಾಕಾ ಅಣ್ಣಾಸಾಬ ನಿನ್ನೆ ಬಂದಿದ್ದ. ರಕ್ತದಾಗ ಹರಿಯೂ ರೋಗ ಇದ್ರ ಸಂಬಂಧ ಬ್ಯಾಡ ಅಂದ. ವೈರಸ್ ಸಿಕ್ಕರ ಅದು ವಂಶದ ರೋಗ ಅಲ್ಲಂತ ಆಗತೈತಿ, ಪರೀಕ್ಷಾ ಆಗ್ಲಿ, ತಡೀರಿ ಅಂದೆ. ಸಂಜೀ ಬಸ್ಸಿಗೆ ಹೋದ.”

“ಬರ್ಫ ಕಡೀಕ ಹಾಕಿದ್ದು ಯಾವಾಗ?”

“ದೀಪ ಹಚ್ಚಿದ ಮ್ಯಾಲ. ಅಣ್ಣಾಸಾಬ ಆಗಲೇ ಹೋಗಿದ್ದ.”

*

ಸುಗಂಧಾಳ ಅತ್ತೆ ತಾರಾಬಾಯಿ ಮಂಚದ ಕೆಳಗೆ ಚಾಪೆ ಹಾಸಿದ್ದರು. ಚಾತುರ್ಮಾಸದ ಜೈನ ವ್ರತಸ್ಥೆ. ಸೋಸಿ ಕಾಯಿಸಿದ ನೀರನ್ನಷ್ಟೇ ಕುಡಿಯುವವರು. ಅವರದೂ ಅಂಥದ್ದೇ ಥರ್ಮಾಸ್.

“ಆಯೀ, ನಿಮ್ಮ ನೀರು ತಪ್ಪಿ ಅದರಾಗ ಹಾಕಿದ್ರೇನ್ರಿ?”

“ಹೊತ್ತು ಮುಳುಗಿದ ಮ್ಯಾಲ ನಾ ನೀರಿನ ಪಾತ್ರಿ ಮುಟ್ಟಂಗಿಲ್ಲ ತಮ್ಮಾ. ಅದ್ಯಾವ ಮಾರಾಯನೋ, ಮುಂಜಾನಿಗಿಟ್ಟ ನೀರನ್ನೂ ಬಿಟ್ಟಿಲ್ಲ. ನೋಡಿಲ್ಲೆ, ಖಾಲಿ! ಮೊದಲು ಆ ಕಳ್ಳನ್ನ ಹಿಡಿ.”

ಮಲಕಾರಿ ಗೋಡೆಗೆ ಒರಗಿದ. ನಿದ್ದೆ ಎಳೆಯುತ್ತಿತ್ತು.

“ಡಾಕ್ಟರ್, ಬಿಸಿ ತಾಗಿದ್ರ ಎಲುಬು ಕೆಡತೈತಂತ ಯಾರಿಗೆ ಹೇಳಿದ್ರಿ?”

“ಅಣ್ಣಾಸಾಬನಿಗೆ ಅಷ್ಟ. ಇಲ್ಲೇ ಸುಗಂಧಾನ ಮಂಚದ ಹತ್ತರ, ಸಣ್ಣ ದನಿಯಾಗ. ಆಯಿ ಬಸದಿಗೆ ಹೋಗಿದ್ರು.”

“ಸುಗಂಧಾ?”

“ಆಕಿಗೆ ಎಲ್ಲಿ ಕೇಳ್…” ಡಾಕ್ಟರ ಮಾತು ಅಲ್ಲೇ ನಿಂತಿತು.

“ಆಪರೇಷನ್ ಆದ ಕಿವಿಯಾಗಿನ ಹತ್ತಿ ಯಾವಾಗ ತೆಗದ್ರಿ?”

“ನಿನ್ನೆ ಮುಂಜಾನಿ.”

*

ಸುಗಂಧಾ ಕಿಟಕಿಯತ್ತ ಮುಖ ಮಾಡಿ ಕುಳಿತಿದ್ದಳು. ಮಲಕಾರಿ ಅವಳ ಬೆನ್ನ ಹಿಂದೆ ನಿಂತು ಮೆಲ್ಲಗೆ ಹೇಳಿದ:

“ತಾರಾಬಾಯಿ ಮ್ಯಾಲ ಕೇಸ್ ಹಾಕೂದ ಆತು.”

“ಅತ್ತ್ಯಾರದು ತಪ್ಪಿಲ್ರಿ!”

ಅಂದವಳು ತಿರುಗಿದಳು. ಮಲಕಾರಿ ಸ್ಟೂಲ್ ಎಳೆದು ಕುಳಿತ.

“ಬರ್ಫ ಹಾಕೂ ಮೊದಲ ಅಣ್ಣಾಸಾಬ ಹೋಗಿದ್ದ. ಆಯಿ ಕತ್ತಲಾದ ಮ್ಯಾಲ ನೀರು ಮುಟ್ಟಂಗಿಲ್ಲ, ಅವರ ಥರ್ಮಾಸ್ ಮುಂಜಾನಿತನ ಯಾರೂ ತೆರಿಯಂಗಿಲ್ಲಂತ ಮನಿಯಾಕಿಗಷ್ಟ ಗೊತ್ತು. ಬಿಸಿ ತಾಗಿದ್ರ ಕೆಡತೈತಂತ ಕೇಳಿ, ಆ ನೀರು ಇದರಾಗ ಸುರದಾಕಿ ನೀ. ಕಿವುಡಿ ಅಂತ ನಿನ್ನ ಮುಂದ ಎಲ್ಲಾ ಆಡ್ಯಾರ. ಯಾಕವ್ವಾ? ವೈರಸ್ ಸಿಕ್ಕಿದ್ರ ನಿನ್ನ ತಂಗಿಗೇ ಚೊಲೋ ಆಗತಿತ್ತಲ್ಲ?”

“ಸಿಗದಿದ್ರ?” ಅವಳ ಕಣ್ಣು ತುಂಬಿದವು. “ಸಿಗದಿದ್ರ ಮದುವಿ ಮುರೀತಂತ ತಿಳೀರಿ ಅಂದ ಅಣ್ಣಾಸಾಬ. ವರ್ಷಗಟ್ಟಲೆ ಆದ ಮ್ಯಾಲ ಚೊಲೋತ್ನಾಗ ಕೇಳಿದ ಮೊದಲನೇ ಮಾತ್ರಿ ಅದು.”

ತಾರಾಬಾಯಿ ಖಾಲಿ ಥರ್ಮಾಸಿನ ಮುಚ್ಚಳ ತಿರುವಿ ಹಾಕಿದರು. ಕೇಸ್ ಬರೆಯಲು ಮಲಕಾರಿಗೆ ಕೈ ಬರಲಿಲ್ಲ.

ಡಾಕ್ಟರ್ ಸುಗಂಧಾಳ ಹತ್ತಿರ ಬಂದರು. “ಇನ್ನೊಂದು ಕಿವೀನೂ ಮುಚ್ಚಾಕತ್ತೈತಿ ಬಾಯಾರ. ಅದನ್ನೂ ತೆರೀತೇನಿ. ಆ ಎಲುಬು ಪರೀಕ್ಷಾಕ್ಕ ಕೊಡ್ರಿ.”

“ದಡಾರದ ಗುರುತು ಸಿಕ್ಕೇ ಸಿಗತೈತಂತ ಹೇಳ್ರಿ.”

“ಹಂಗ ಹೇಳಾಕ ಬರಂಗಿಲ್ರಿ,” ಅಂದರು ಡಾಕ್ಟರ್.

“ಹಂಗಾರ ಈ ಕಿವಿ ಕಿವುಡಾಗೇ ಇರ್ಲಿ,” ಅಂದಳು ಸುಗಂಧಾ. “ಎಲುಬು ಕೊಡಂಗಿಲ್ರಿ.”