ಹಗಲಿನ ಬಾಡಿಗೆ ಕೋಣೆ

ಚಿಕ್ಕಂದಿನಲ್ಲಿ ಅಕ್ಕ ನನ್ನ ತಲೆಗೆ ಹಚ್ಚುತ್ತಿದ್ದ ಬಿಸಿ ಎಣ್ಣೆಯ ವಾಸನೆ ನನಗೆ ಇಂದಿಗೂ ನೆನಪಿದೆ. ಹೋದ ವರ್ಷ ದೂರದೇಶದಲ್ಲಿ ಅವಳು ಹಾಸಿಗೆ ಹಿಡಿದಾಗ, ಕೊನೆಯ ಸಲ ನೋಡಲು ಹೊರಟೆ. ಅಗ್ಗದ ವಿಮಾನ ಟಿಕೆಟ್ಟು, ನಡುವೆ ಗುರುತಿಲ್ಲದ ನಗರವೊಂದರಲ್ಲಿ ಇಡೀ ಹಗಲು ಕಾಯಬೇಕಿತ್ತು. ಅಷ್ಟರಲ್ಲಿ ಅವಳಿಗೇನಾದರೂ ಆದರೆ ಎಂದು ನಾನು ಹೆದರಿದರೆ, ಫೋನಿನಲ್ಲಿ ಅವಳೇ ಗದರಿದಳು: "ಅಳ್ತಾ ಕೂರ್ಬೇಡ್ವೇ, ಊರು ನೋಡ್ಕೊಂಡು ಬಾ. ನಾನೇನು ಎದ್ದು ಓಡಿಹೋಗ್ತೀನಾ?"

ಬೆಳಿಗ್ಗೆಯೆಲ್ಲ ಬಸ್ಸಿನ ಕಿಟಕಿಯ ಪಕ್ಕ ಕೂತು ಊರು ಸುತ್ತಿದೆ, ನದಿಯ ದಂಡೆಯಲ್ಲಿ ನಡೆದೆ. ಕಾಲು ಸೋತಾಗ ಹಗಲಿಗಷ್ಟೇ ಸಿಗುವ ಪುಟ್ಟ ಕೋಣೆಯೊಂದನ್ನು ಹಿಡಿದು, ಚಿಲಕ ಹಾಕಿ ಮಲಗಿದೆ.

ಎಚ್ಚರವಾದಾಗ ತಲೆದಿಂಬಿನ ಪಕ್ಕ ಹಾಸಿಗೆ ಬೆಚ್ಚಗಿತ್ತು, ಯಾರೋ ಆಗಷ್ಟೇ ಕೂತು ಎದ್ದಂತೆ. ಕತ್ತಿನ ಮೇಲೇನೋ ಭಾರ. ಮುಟ್ಟಿದರೆ ಜಡೆ, ಹಣೆ ಎಳೆಯುವಷ್ಟು ಬಿಗಿಯಾಗಿ ಹೆಣೆದದ್ದು. ಭುಜದ ನೋವಿನಿಂದ ನನ್ನ ಕೈ ಮೇಲೇಳದೆ ವರ್ಷಗಳಾಗಿವೆ. ಕೂದಲನ್ನು ಕ್ಲಿಪ್ಪಿಗೆ ಸಿಕ್ಕಿಸಿಕೊಳ್ಳುವವಳು ನಾನು. ಚಿಲಕ ಹಾಕಿದಂತೆಯೇ ಇತ್ತು.

ಅಷ್ಟರಲ್ಲಿ ಅಕ್ಕನ ಮಗಳ ಫೋನು. "ಗಾಬರಿಯಾಗ್ಬೇಡಿ ಚಿಕ್ಕಮ್ಮ, ಅಮ್ಮ ಇದಾಳೆ. ಚಮಚ ಎತ್ತೋಕಾಗದ ಕೈಯಲ್ಲಿ ಇಷ್ಟು ಹೊತ್ತು ಗಾಳೀಲಿ ಜಡೆ ಹೆಣೀತಿದ್ಲು. 'ಅಲ್ಲಾಡ್ಬೇಡ್ವೇ' ಅಂತ ಬೈಗುಳ ಬೇರೆ. ಈಗ ನಿದ್ದೆ ಹೋದ್ಲು. ಬೇಗ ಬನ್ನಿ."

ಕೆಳಗಿಳಿದು ಕೋಣೆಯ ಒಡತಿಗೆ ಬೀಗದಕೈ ಕೊಟ್ಟೆ. "ಮೇಲಕ್ಕೆ ಯಾರಾದ್ರೂ ಬಂದಿದ್ರಾ?"

"ಯಾರೂ ಹತ್ತಿಲ್ಲಮ್ಮ, ಇಲ್ಲೇ ಕೂತಿದೀನಲ್ಲ."

ಅವಳು ನನ್ನ ಜಡೆ ನೋಡಿದಳು, ಕಣ್ಣು ನೋಡಿದಳು. ಆಮೇಲೆ ತಾನು ಉಣ್ಣಲೆಂದು ತೆರೆದಿದ್ದ ಬುತ್ತಿಯನ್ನು ಮುಚ್ಚಿ, ದಾರಿಗೆಂದು ನನ್ನ ಕೈಗಿಟ್ಟಳು.