ಎಡಗಾಲಿನ ಪಾಲು

“ಹದಿನೈದು, ಹದಿನೈದು! ಎರಡೂ ಸಮ!” ಎಂದು ಜಿಂಕೆ ಕೂಗಿದಳು.

ಅವಳ ಒಂದೊಂದು ಪಾದದ ಕೆಳಗೂ ಒಂದೊಂದು ತೂಕದ ಯಂತ್ರವಿತ್ತು. ಓಟದಲ್ಲಿ ಯಾರ ಕೈಗೂ ಸಿಗದ ಕಾರಣ ಶಾಲೆಯಲ್ಲಿ ಅವಳಿಗೆ ಆ ಹೆಸರು. ಸೈಕಲ್ಲಿನಿಂದ ಬಿದ್ದು ಮುರಿದಿದ್ದ ಎಡಗಾಲಿನ ಪ್ಲಾಸ್ಟರ್ ಬಿಚ್ಚಿ ಎರಡು ತಿಂಗಳಾಗಿತ್ತು.

“ಅಕ್ಕಾ, ಮುಂದಿನ ಶನಿವಾರ ರಿಲೇ ಓಡಬಹುದಲ್ಲ?”

ಆಸ್ಪತ್ರೆಯಲ್ಲಿ ಕಾಲಿಗೆ ವ್ಯಾಯಾಮ ಮಾಡಿಸುವ ಅಕ್ಕನ ಕೈಯಿಂದ ಪೆನ್ನು ಜಾರಿತು. “ಅಯ್ಯೋ, ಸ್ವಲ್ಪ ಎತ್ತಿಕೊಡೇ.”

ಜಿಂಕೆ ನಿಂತಲ್ಲಿಂದಲೇ ಬಗ್ಗಿದಳು.

“ಬಲಗಾಲು ಇಪ್ಪತ್ತೊಂದು, ಎಡಗಾಲು ಒಂಬತ್ತು,” ಎಂದು ಅಕ್ಕ ಬರೆದುಕೊಂಡರು.

“ಮೋಸ! ಬೇಕಂತ್ಲೇ ಬೀಳಿಸಿದ್ರಿ!”

“ಹೌದು ಮತ್ತೆ. ನೆಟ್ಟಗೆ ನಿಲ್ಲೋದು ಯಾರಿಗೆ ಬರಲ್ಲ? ಬಗ್ಗುವಾಗ, ಮೆಟ್ಟಿಲು ಹತ್ತುವಾಗ ನಿನ್ನ ಬಲಗಾಲೇ ಎಲ್ಲ ಹೊರ್ತಿದೆ. ಮೂಳೆ ಕೂಡಿದೆ, ಭಯ ಹೋಗಿಲ್ಲ. ಹೀಗೇ ಓಡಿದ್ರೆ ಒಳ್ಳೇ ಕಾಲೂ ಕೈ ಕೊಡುತ್ತೆ. ಶುಕ್ರವಾರ ನೋಡೋಣ.”

ಜಿಂಕೆ ಹಟ ಹಿಡಿದಳು. ಮನೆಯಲ್ಲಿ ಒಂದು ತೂಕದ ಯಂತ್ರವಿತ್ತು. ಪಕ್ಕದ ಮನೆಯಿಂದ ಇನ್ನೊಂದು ತಂದು, ಊಟದ ಕುರ್ಚಿಯ ಮುಂದೆ ಎರಡನ್ನೂ ಜೋಡಿಸಿದಳು. ಕೂತಳು, ಎದ್ದಳು. ದಿನಕ್ಕೆ ಐವತ್ತು ಸಲ. ಅಂಕಿ ನೋಡುತ್ತಾ ಎದ್ದರೆ ಎಡಗಾಲಿಗೆ ಹದಿನಾಲ್ಕು. ಮೈಮರೆತು ಎದ್ದರೆ ಹತ್ತು, ಹನ್ನೊಂದು.

“ನನ್ನದೂ ನೋಡೇ,” ಎಂದು ಒಂದು ಸಂಜೆ ಅಜ್ಜಿ ಹತ್ತಿ ನಿಂತರು.

ಬಲಗಡೆ ಮೂವತ್ತೊಂದು, ಎಡಗಡೆ ಇಪ್ಪತ್ತೊಂದು!

“ಅಜ್ಜೀ, ನಿನ್ನ ಕಾಲಿಗೇನಾಗಿದೆ?”

“ಕಾಲಿಗೇನೂ ಆಗಿಲ್ಲ ಮಗಾ. ನಲವತ್ತು ವರ್ಷ ಈ ಬಲಗಡೆ ನಿನ್ನಜ್ಜನ ಭುಜ ಇತ್ತು. ದೇವರು ಕರೆಸಿಕೊಂಡ. ಈ ಮೈಗೆ ಅದಿನ್ನೂ ತಿಳಿದಿಲ್ಲ.”

ಜಿಂಕೆ ಆ ದಿನ ಮತ್ತೆ ಅಂಕಿ ನೋಡಲಿಲ್ಲ.

ಶುಕ್ರವಾರ ಅಜ್ಜಿಯೇ ಜೊತೆಗೆ ಬಂದರು. ಅಕ್ಕನ ಕೋಣೆ ಮಹಡಿಯ ಮೇಲಿತ್ತು. ಅಜ್ಜಿಯ ಎಡಗಡೆ ನಡೆಯುತ್ತಿದ್ದ ಜಿಂಕೆ, ಮೆಟ್ಟಿಲ ಬಳಿ ಸುತ್ತಿ ಬಂದು ಬಲಗಡೆ ನಿಂತಳು. ಅಜ್ಜಿಯ ಕೈ ಅವಳ ಎಡಭುಜದ ಮೇಲೆ ಕೂತಿತು. ಭಾರವೆಲ್ಲ ಎಡಗಾಲಿಗೆ ಇಳಿಯಿತು.

“ತಡ್ಕೊಳ್ತೀಯಾ?”

“ತಡ್ಕೊಳ್ತೀನಿ. ಅಜ್ಜ ಮೆಟ್ಟಿಲು ಹೇಗೆ ಹತ್ತುತ್ತಿದ್ದ?”

“ನಾಲ್ಕು ಹತ್ತೋದು, ನಿಲ್ಲೋದು, ‘ನಿಂಗೆ ಸುಸ್ತಾಯ್ತಾ?’ ಅಂತ ಕೇಳೋದು. ಏದುಸಿರು ಬಿಡ್ತಿದ್ದವರು ಅವರು!”

ನಗುತ್ತಾ ನಗುತ್ತಾ ಇಬ್ಬರೂ ಮೇಲೆ ಬಂದರು. ಎಷ್ಟು ಮೆಟ್ಟಿಲು, ಯಾವ ಕಾಲು ಮೊದಲು, ಒಂದನ್ನೂ ಜಿಂಕೆ ಎಣಿಸಿರಲಿಲ್ಲ.

ಅವಳು ಯಂತ್ರಗಳ ಮೇಲೆ ನಿಂತಳು. ಅಕ್ಕ ಪೆನ್ನು ಬೀಳಿಸುವ ಮೊದಲೇ ಅಜ್ಜಿಯ ಕೈಚೀಲ ಜಾರಿ ಅವಳ ಮುಂದೆಯೇ ಬಿತ್ತು. ಜಿಂಕೆ ಬಗ್ಗಿ ಎತ್ತಿಕೊಟ್ಟಳು.

“ಬಲಗಾಲು ಹದಿನಾರು, ಎಡಗಾಲು ಹದಿನಾಲ್ಕು,” ಎಂದರು ಅಕ್ಕ. “ನಾಳೆ ಓಟ ಎಷ್ಟು ಗಂಟೆಗೆ?”

“ಹತ್ತಕ್ಕೆ!” ಎಂದಳು ಜಿಂಕೆ. ಆಮೇಲೆ ಅಜ್ಜಿಯ ಕಡೆ ತಿರುಗಿದಳು. “ಮೈದಾನಕ್ಕೂ ಮೆಟ್ಟಿಲಿದೆ ಅಜ್ಜೀ. ನಾನು ಬೇಗ ಹೋಗಲ್ಲ. ನಿನ್ನ ಜೊತೆಗೇ ಬರ್ತೀನಿ.”

ಹೇಳುತ್ತಾ ಅವಳು ಅಜ್ಜಿಯ ಬಲಗಡೆ ಹೋಗಿ ನಿಂತಳು.