ಇಸ್ತ್ರಿ ಹಾಕಿದ ನೋಟು

ನಾನು ಗೆರೆ ತೆಗೆದ ಖಾಕಿ ಪ್ಯಾಂಟಿನ ಮೇಲೆ ಕೂರಲು ಬಂದ ಸೊಳ್ಳೆಯೊಂದು ಎರಡು ತುಂಡಾಗಿ ಬಿದ್ದಿದೆ. ಚಾಮರಾಜಪೇಟೆಯ ಗೌರೀಶನ ಇಸ್ತ್ರಿ ಎಂದರೆ ಅದು. ಪಕ್ಕದ ಪೊಲೀಸ್ ಕ್ವಾರ್ಟರ್ಸಿನ ಅರ್ಧ ಶಿಸ್ತು ನನ್ನ ಇಸ್ತ್ರಿ ಪೆಟ್ಟಿಗೆಯಿಂದಲೇ ಹೋಗುವುದು!

ಅಂಥ ನನ್ನ ಮೇಜಿನ ಮೇಲೆ ಆ ಬೆಳಿಗ್ಗೆ ನಂದಿತಾ ಐನೂರರ ನಾಲ್ಕು ನೋಟು ಎಸೆದಳು.

"ಅಪ್ಪನ ಯೂನಿಫಾರ್ಮ್ ಜೇಬಲ್ಲಿತ್ತು. ಇದು ಮೂರನೇ ತಿಂಗಳು. ಯಾರು ಇಡ್ತಿರೋದು?"

ಅವಳ ಅಪ್ಪ ಹೆಡ್ ಕಾನ್ಸ್‌ಟೇಬಲ್ ವೆಂಕಟಾಚಲ ಬಂದೋಬಸ್ತಿನಲ್ಲಿ ನಿಂತಲ್ಲೇ ಕುಸಿದು, ತೀರಿಕೊಂಡು ನಾಲ್ಕು ತಿಂಗಳಾಗಿತ್ತು. ಆದರೂ ಅಮ್ಮ ನಾರಾಯಣಮ್ಮ ಪ್ರತಿ ಶನಿವಾರ ಆ ಖಾಕಿಯನ್ನು ಒಗೆದು, ನಂದಿತಾಳ ಕೈಯಲ್ಲಿ ಇಸ್ತ್ರಿಗೆ ಕಳಿಸುತ್ತಿದ್ದರು.

ಸಂಬಳವಾದಾಗ ಮನೆಖರ್ಚಿನ ದುಡ್ಡನ್ನು ವೆಂಕಟಾಚಲ ಹೆಂಡತಿಯ ಕೈಗೆ ಕೊಡುತ್ತಿರಲಿಲ್ಲ. ಅಂಗಿಯ ಎಡಜೇಬಿನಲ್ಲಿಟ್ಟು ಮೊಳೆಗೆ ನೇತುಹಾಕುತ್ತಿದ್ದರು. ಕ್ವಾರ್ಟರ್ಸಿಗೆಲ್ಲ ಗೊತ್ತಿದ್ದ ಅಭ್ಯಾಸ. ಸತ್ತ ಮೇಲೂ ಆ ಜೇಬಿನಲ್ಲಿ ದುಡ್ಡು...

"ನಿಮ್ಮಪ್ಪನೇ ಬಂದಿದ್ರು," ಎಂದೆ. "ಬೆಳಗಿನ ಜಾವ ಇಲ್ಲೇ ನಿಂತಿದ್ರು. ಬೂಟಿನ ಸದ್ದು ಮಾವಳ್ಳಿವರೆಗೂ ಕೇಳಿಸ್ತು."

ಅವಳು ನೋಟು ಎತ್ತಿಕೊಂಡು ಹೊರಟಳು. ಅವಳೊಳಗೆ ಇದ್ದ ಭಯ ದೆವ್ವದ್ದಲ್ಲವೆಂದು ನನಗೆ ತಿಳಿದದ್ದು ಆಮೇಲೆ.

'ಅಪ್ಪ ಯಾರ ಹತ್ರಾನೋ ಮಾಮೂಲು ತಗೊಳ್ತಿದ್ರಾ? ಅದನ್ನೇ ಇನ್ನೂ ತಂದಿಡ್ತಿದಾರಾ? ನನ್ನ ಫೀಸಿಗೆ ಅಮ್ಮನ ಬಳೆ ಅಡ ಇಟ್ಟೆ ಅಂದಿದ್ದೂ ಸುಳ್ಳಾ...?'

ಅವಳ ಮನೆಯಲ್ಲಿ ಅಮ್ಮ ಎರಡು ತಟ್ಟೆಯ ಜೊತೆ ಮೂರನೆಯದನ್ನೂ ಇಟ್ಟಿದ್ದರು. ನಾನು ಆಗಲೇ ಬೀದಿಗೆಲ್ಲ ಹಬ್ಬಿಸಿದ್ದ ಬೂಟಿನ ಕಥೆ ಅವರ ಕಿವಿಗೂ ಬಿದ್ದಿತ್ತು. ಬಾಗಿಲಿಗೆ ಚಿಲಕ ಹಾಕುವುದನ್ನೇ ಬಿಟ್ಟಿದ್ದರು. ಫ್ಯಾಮಿಲಿ ಪೆನ್ಷನ್ ಅರ್ಜಿ ಸಹಿಯಿಲ್ಲದೆ ದೇವರ ಗೂಡಿನಲ್ಲಿ ಬಿದ್ದಿತ್ತು.

"ಸೈನ್ ಹಾಕಮ್ಮ. ಹದಿನೈದು ದಿನದಲ್ಲಿ ಕ್ವಾರ್ಟರ್ಸ್ ಬಿಡ್ಬೇಕು. ಬೇರೆ ಮನೆಗೆ ಅಡ್ವಾನ್ಸ್ ಎಲ್ಲಿಂದ ತರೋದು?"

"ಸಂಬಳ ತಂದಿಡೋ ಮನುಷ್ಯನ್ನ ಸತ್ತೋದ ಅಂತ ಬರೆದು ಸೈನ್ ಹಾಕ್ಲೇನೇ?"

ಫ್ಯಾನಿನ ಗಾಳಿಗೆ ಮೊಳೆಯ ಮೇಲಿನ ಖಾಕಿ ತೋಳು ಮೆಲ್ಲಗೆ ಎದ್ದು ಬಿತ್ತು. ನಂದಿತಾ ಅದನ್ನೇ ನೋಡುತ್ತ ಕೈಯಲ್ಲಿದ್ದ ನೋಟುಗಳನ್ನು ಬಿಗಿಯಾಗಿ ಹಿಡಿದಳು. ಆಗ ಕಂಡಿತು... ಒಂದರಲ್ಲೂ ಮಡಿಕೆಯಿಲ್ಲ. ಒಂದರ ಮೂಲೆ ಕಂದಾಗಿ ಸುಟ್ಟಿದೆ. ಮೂಗಿಗೆ ಹಿಡಿದರೆ ಗಂಜಿಯ ವಾಸನೆ.

ಸಂಜೆ ಮತ್ತೆ ನನ್ನ ಮುಂದೆ ನಿಂತಳು.

"ನಿಮ್ಮ ಜೇಬಿಂದ ಒಂದು ನೋಟು ತೆಗೀರಿ."

ತೆಗೆದೆ. ಅದೂ ಹೊಸ ಕಾಗದದಂತೆ ನೆಟ್ಟಗಿತ್ತು. ಕೈಗೆ ಸಿಕ್ಕಿದ್ದಕ್ಕೆಲ್ಲ ಇಸ್ತ್ರಿ ಹಾಕುವ ಹಾಳು ಚಾಳಿ ನನ್ನದು.

"ದೆವ್ವಾನೂ ನೋಟಿಗೆ ಇಸ್ತ್ರಿ ಹಾಕುತ್ತಾ, ಗೌರೀಶ್?" ಸುಟ್ಟ ಮೂಲೆಯ ನೋಟನ್ನು ಅದರ ಪಕ್ಕದಲ್ಲಿಟ್ಟಳು. "ಯಾರು ಕೊಡ್ತಿದಾರೆ ಇದನ್ನ? ನಮ್ಮಪ್ಪ ಎಂಥೋರು ಅಂತ ನಂಗೆ ಗೊತ್ತಾಗ್ಬೇಕು."

ಬಡಾಯಿ ಬಿಟ್ಟು ಇಸ್ತ್ರಿ ಪೆಟ್ಟಿಗೆ ಪಕ್ಕಕ್ಕಿಟ್ಟೆ.

"ಯಾರೂ ಇಲ್ಲ. ನನ್ನ ದುಡಿಮೆ ದುಡ್ಡು ಅದು. ಖಾಕಿ ತೋರಿಸಿ ಬಿಟ್ಟಿ ಇಸ್ತ್ರಿ ಮಾಡಿಸ್ಕೊಳ್ಳೋರು ಎಷ್ಟೋ ಜನ. ನಿಮ್ಮಪ್ಪ ಹನ್ನೆರಡು ವರ್ಷದಲ್ಲಿ ಒಂದಿನಾನೂ ದುಡ್ಡು ಕೊಡದೆ ಹೋಗ್ಲಿಲ್ಲ. ಕೈ ಖಾಲಿ ಇದ್ದಾಗ ಮುದುರಿದ ಅಂಗೀನೇ ಹಾಕ್ಕೊಂಡು ಡ್ಯೂಟಿಗೆ ಹೋದ್ರು."

ನಾಲ್ಕು ತಿಂಗಳಿಂದ ಅಳದವಳು ಅಂಗಡಿಯ ಕಂಬ ಹಿಡಿದು ಅತ್ತಳು.

"ನೇರವಾಗಿ ಕೊಡ್ಬಹುದಿತ್ತಲ್ಲ?"

"ತಗೊಳ್ತಿದ್ರಾ?"

ಅವಳು ಕಣ್ಣೊರೆಸಿಕೊಂಡಳು. "ಅಮ್ಮನ ಮುಂದೆ ಬಂದು ಇದನ್ನೇ ಹೇಳಿ."

ಹೇಳಿದೆ. ನಾರಾಯಣಮ್ಮ ಮೊಳೆಯತ್ತ ತಿರುಗಿದರು.

"ಬೂಟಿನ ಸದ್ದು?"

"ಅದೂ ಸುಳ್ಳಮ್ಮ."

ಅವರು ಎದ್ದು ಅಂಗಿ ಇಳಿಸಿದರು. ಖಾಲಿ ಜೇಬಿನೊಳಗೆ ಒಮ್ಮೆ ಕೈಯಾಡಿಸಿದರು. ಮೂರನೆಯ ತಟ್ಟೆಯನ್ನು ಒಳಗಿಟ್ಟು ಬಂದು, "ಪೆನ್ನು ಕೊಡೇ," ಎಂದರು.

ನಾವಿಬ್ಬರೂ ಹೊರಬಂದಾಗ ಹಿಂದಿನಿಂದ ಚಿಲಕ ಬಿದ್ದ ಸದ್ದು ಕೇಳಿಸಿತು.

ಮೆಟ್ಟಿಲ ಮೇಲೆ ನಂದಿತಾ ನಿಂತಳು. "ಬರೀ ಅಪ್ಪನ ಮೇಲಿನ ಗೌರವಕ್ಕೇ ಇಟ್ರಾ?"

"ಇಲ್ಲ... ಆ ಖಾಕಿ ತರ್ತಿದ್ದೋರು ನೀವು. ಅದು ಬರೋದು ನಿಂತ್ರೆ, ನಿಮ್ಮನ್ನ ನೋಡೋದು ಹೇಗೆ?"

"ಇನ್ನು ಅದು ಬರಲ್ಲ. ನನ್ನ ಬಟ್ಟೆ ತರ್ತೀನಿ. ದುಡ್ಡು ಕೊಟ್ಟೇ ಮಾಡಿಸ್ಕೊಳ್ಳೋದು."

"ನಿಮ್ಮಪ್ಪನ ಮಗಳೇ ಬಿಡಿ."

ಅವಳು ಮೊದಲ ಸಲ ನಕ್ಕಳು. "ಊರಿಗೆಲ್ಲ ಹೇಳ್ಕೊಂಡು ತಿರುಗ್ತೀರಲ್ಲ, ಆ ಸೊಳ್ಳೆ ನಿಜವಾಗ್ಲೂ ತುಂಡಾಯ್ತಾ?"

"ಅದು ಹಾರಿಹೋಯ್ತು ನಂದಿತಾ. ನೀವು ಬರ್ತಿದ್ದ ದಾರಿ ನೋಡ್ತಾ ನಿಂತಿದ್ದೆ... ಸುಟ್ಟಿದ್ದು ನನ್ನ ಬೆರಳು."